ಕಾಟ್ಲಾ ಯಾಕೆ ಬೆಳೀಲಿಲ್ಲ? ನಮ್ಮೂರ ಕೆರೆ ನನಗೆ ಕಲಿಸಿದ್ದು

ಹಾಸನದ ಹತ್ರ ನಮ್ಮೂರ ಕೆರೇನ ಮೀನು ಸಾಕೋಕೆ ಗುತ್ತಿಗೆಗೆ ಹಿಡಿದು ಎರಡನೇ ವರ್ಷ, 2023ರ ಬರ. ಕಾಟ್ಲಾ, ರೋಹು, ಮೃಗಾಲ್ ಮೂರೂ ಮರಿ ಬಿಟ್ಟಿದ್ದೆ. ಕಾಟ್ಲಾ ಮೇಲ್ನೀರಲ್ಲಿ ಡಾಫ್ನಿಯಾ ಥರದ ಕುಪ್ಪಳಿಸೋ ಸಣ್ಣ ಹುಳ ತಿನ್ನುತ್ತೆ, ರೋಹು ನಡುನೀರು, ಮೃಗಾಲ್ ತಳದ ಕೊಳೆತದ್ದು, ಹಂಗಾಗಿ ಜಗಳ ಇಲ್ಲ ಅನ್ನೋದು ಲೆಕ್ಕ. ಆದ್ರೆ ಹತ್ತು ತಿಂಗಳಾದ್ರೂ ಕಾಟ್ಲಾಗೆ ತಲೆ ಮಾತ್ರ ದಪ್ಪ, ಮೈ ಒಣಕಲು.

"ಮರೀನೇ ಸರಿ ಇಲ್ಲ ಕಣಣ್ಣ" ಅಂದ ಬಲೆ ಎಳೆಯೋ ಹುಡುಗ. ನಾನೂ ಮರಿ ಕೊಟ್ಟೋನಿಗೆ ಫೋನ್ ಮಾಡಿ ಬೈದೆ, ಊಟ ಸಾಲ್ತಿಲ್ಲವೇನೋ ಅಂತ ಇನ್ನೆರಡು ಗಾಡಿ ಸಗಣಿ ಬೇರೆ ಸುರಿದೆ.

ಆಮೇಲೆ ನಾಲ್ಕು ಕಾಟ್ಲಾ ಹೊಟ್ಟೆ ಕುಯ್ದು ಕರುಳಲ್ಲಿದ್ದದ್ದನ್ನ ಬಿಳಿ ತಟ್ಟೇಲಿ ನೀರು ಹಾಕಿ ಅಲ್ಲಾಡಿಸಿ, ಮಗಳ ಆಟದ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹುಳದ ಕಾಲು, ಚಿಪ್ಪು ಒಂದೂ ಇಲ್ಲ, ಬರೀ ಹಸಿರು ಲೋಳೆ, ಕೆಸರು. ಹಳೇ ನೈಲಾನ್ ಸೀರೆ ತುಂಡಲ್ಲಿ ಕೆರೆ ನೀರು ಸೋಸಿದ್ರೂ ಕುಪ್ಪಳಿಸೋ ಚುಕ್ಕೆ ಬೆರಳೆಣಿಕೆ.

ಮೇಲ್ಗಡೆ ಹೊಲ ಪೂರ್ತಿ ಶುಂಠಿ, ಆಲೂಗಡ್ಡೆ. ಮೊದಲ ಮಳೇಲಿ ಔಷಧಿ, ಗೊಬ್ಬರ ಎರಡೂ ಹರ್ಕೊಂಡು ಬರುತ್ತೆ. ಕೀಟದ ಔಷಧಿ ಮೀನನ್ನ ಸಾಯಿಸದಷ್ಟು ಕಮ್ಮಿ ಇದ್ರೂ ಈ ಹುಳಗಳನ್ನ ಸಾಯಿಸುತ್ತೆ, ಪಾಚಿ ತಿನ್ನೋರು ಇಲ್ಲದ ಮೇಲೆ ಯೂರಿಯಾ ಕುಡಿದ ಪಾಚಿ ಕೆರೇನೇ ಮುಚ್ಚುತ್ತೆ, ಜೊತೆಗೆ ಜಿಲೇಬಿ ಮೀನು (ತಿಲಾಪಿಯಾ) ಬೇರೆ ಸಿಕ್ಕಿದ್ದೆಲ್ಲಾ ಮುಕ್ಕುತ್ತೆ. ಬರದಲ್ಲಿ ಪಂಪ್ ಹಾಕಿ ಎತ್ತಿ ಎತ್ತಿ ನೀರು ಮೊಣಕಾಲಿಗೆ ಇಳಿದು ಕಾಯ್ತು, ಬಿಸಿ ನೀರಲ್ಲಿ ಆಮ್ಲಜನಕ ನಿಲ್ಲಲ್ಲ: ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರೀಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯೋ ನೀರು 30ರಲ್ಲಿ ಏಳೂವರೆ, ನಮ್ಮ ಎತ್ತರಕ್ಕೆ ಇನ್ನೂ ಕಮ್ಮಿ. ರಾತ್ರಿ ಪಾಚಿನೂ, ಕೊಳೆಯೋ ಸಗಣಿನೂ ಅದನ್ನೇ ಕುಡಿಯುತ್ವೆ. ಬೆಳಗ್ಗೆ ಐದೂವರೆಗೆ ಹೋದ್ರೆ ಮೀನೆಲ್ಲಾ ಬಾಯಿ ಮೇಲಕ್ಕೆತ್ತಿ ಏದುಸಿರು ಬಿಡ್ತಿದ್ವು. ಒಂದೊಂದೇ ಆಗಿದ್ರೆ ಕೆರೆ ತಡ್ಕೊಳ್ತಿತ್ತು ಅನ್ಸುತ್ತೆ, ಎಲ್ಲಾ ಒಟ್ಟಿಗೆ ಬಂತು, ಅದ್ರಲ್ಲಿ ಸಗಣಿ ನನ್ನ ಕೊಡುಗೆ.

ಸಗಣಿ ನಿಲ್ಲಿಸ್ದೆ, ಜಿಲೇಬಿನ ಸಣ್ಣ ಕಣ್ಣಿನ ಬಲೇಲಿ ಎಳೆದು ತೆಗೆಸ್ದೆ, ಕೆರೆಗೆ ನೀರು ಬರೋ ಕಾಲುವೆ ಬಾಯಲ್ಲಿ, ಹೊಲದ ಔಷಧಿ, ಗೊಬ್ಬರ ಒಂದಿಷ್ಟು ಅಲ್ಲೇ ತಡೀಲಿ ಅಂತ, ಹುಲ್ಲು ಬೆಳೆಯೋಕೆ ಬಿಟ್ಟೆ (ಮೇಯಿಸೋರ ಜೊತೆ ಜಗಳ ಆಯ್ತು, ಬಿಡಿ), ಮರಿ ಅರ್ಧ ಮಾಡಿದೆ. 2024ರಲ್ಲಿ ಮಳೆನೂ ಚೆನ್ನಾಗಿ ಆಯ್ತು, ಹಾಗಾಗಿ ಕಾಟ್ಲಾ ಮೈ ತುಂಬಿದ್ದು ಮಳೆಯಿಂದಲೋ ನನ್ನಿಂದಲೋ ಬಿಡಿಸಿ ಹೇಳೋಕಾಗಲ್ಲ. ಈಗ ಭಾನುವಾರ ಬಲೆಗಿಂತ ಮುಂಚೆ ಸೀರೆ ತುಂಡು ನೀರಿಗಿಳಿಯುತ್ತೆ.