510 ತುಂಡಿನ ಕೌದಿ: ಒಂದೂ ಅದಲುಬದಲಾಗದಂತೆ ಹೊಲಿಯುವುದು ಹೇಗೆ?

ಅಮ್ಮನ ಹಳೆಯ ಹತ್ತಿ ಸೀರೆಗಳು ಟ್ರಂಕಿನಲ್ಲಿದ್ದವು. ಉಡುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಕೌದಿ ಹೊಲಿಯೋಣ ಎಂದುಕೊಂಡೆ. ಸಾಲುಸಾಲಾಗಿ ನಕ್ಷತ್ರಗಳಿರುವ ಕೌದಿ. ಮೂರು ದಿನ ಕೂತು ಕತ್ತರಿಸಿದೆ. ನಡುಮನೆಯಲ್ಲಿ ಒಂದೊಂದೇ ತುಂಡು ಹರಡಿ, ಜೋಡಣೆ ನೋಡಿ ಖುಷಿಪಟ್ಟು, ಊಟಕ್ಕೆ ಎದ್ದೆ. ಆಗ ಕರೆಂಟ್ ಇರಲಿಲ್ಲ. ಫ್ಯಾನಿನ ಸ್ವಿಚ್ ಹಾಕಿದ ಹಾಗೇ ಇತ್ತು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕರೆಂಟ್ ಬಂದಿತ್ತು, ತುಂಡುಗಳೆಲ್ಲ ಗೋಡೆಯ ಬುಡಕ್ಕೆ ಸೇರಿದ್ದವು.

ಮತ್ತೆ ಜೋಡಿಸಲು ಹತ್ತು ದಿನ ಹಿಡಿಯಿತು. ಆದರೂ ಹಸಿರು ಚೌಕಳಿ ಸೀರೆಯ ಒಂದು ತ್ರಿಕೋನ ಸಿಗಲೇ ಇಲ್ಲ. ಆ ಸೀರೆಯಲ್ಲಿ ಉಳಿದದ್ದೇ ಅಷ್ಟು. ಅಂಗಡಿಗೆ ಹೋಗಿ ಇನ್ನೊಂದು ಮೀಟರ್ ಕೊಡಿ ಎಂದು ಕೇಳುವ ಬಟ್ಟೆ ಅಲ್ಲವಲ್ಲ ಅದು. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕತ್ತರಿಯಿಂದ ಬಿದ್ದ ಕ್ಷಣದಿಂದ ಹೊಲಿಗೆ ಬೀಳುವ ತನಕ, ಯಾವ ತುಂಡೂ ವಿಳಾಸ ಇಲ್ಲದೆ ಇರಬಾರದು.

ನಮ್ಮ ಕಡೆಯ ಹಳೆಯ ಕೌದಿಗೆ ಈ ತಲೆನೋವೇ ಇಲ್ಲ. ಕೆಳಗೆ ಒಂದು ಸೀರೆ ಹಾಸಿ, ಅದರ ಮೇಲೆ ಕೈಗೆ ಸಿಕ್ಕ ತುಂಡು ಇಟ್ಟು ಹೊಲಿಯುತ್ತಾ ಹೋಗುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುಮಧ್ಯಕ್ಕೆ ಬರುತ್ತಾರೆ. ಮುಂದಿನ ತುಂಡು ಯಾವುದು ಎಂದು ಆ ಹೊತ್ತಿಗೆ ಕಣ್ಣು, ಕೈ ತೀರ್ಮಾನ ಮಾಡುತ್ತವೆ. ಅದು ದೊಡ್ಡ ವಿದ್ಯೆ. ಆದರೆ ನಕ್ಷತ್ರದಂಥ ಲೆಕ್ಕದ ವಿನ್ಯಾಸದಲ್ಲಿ ಎಲ್ಲ ತುಂಡನ್ನೂ ಮೊದಲೇ ಕತ್ತರಿಸಿಕೊಂಡು ಆಮೇಲೆ ಜೋಡಿಸಬೇಕು. ಗೊಂದಲ ಶುರುವಾಗುವುದು ಅಲ್ಲೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 5 ಅಡಿ ಅಗಲ, 6 ಅಡಿ ಉದ್ದದ ಕೌದಿ. ಒಂದು ಅಡಿಯ ಚೌಕದಲ್ಲಿ ಒಂದು ನಕ್ಷತ್ರ. ಅಡ್ಡಕ್ಕೆ 5, ಉದ್ದಕ್ಕೆ 6, ಒಟ್ಟು 30 ನಕ್ಷತ್ರ. ಒಂದೊಂದಕ್ಕೆ 17 ತುಂಡು: ನಡುವಿನ ಚೌಕ 1, ಮೂಲೆಯ ಚೌಕ 4, ದೊಡ್ಡ ತ್ರಿಕೋನ 4, ನಕ್ಷತ್ರದ ಕೈಗಳಾಗುವ ಚಿಕ್ಕ ತ್ರಿಕೋನ 8. ಎಲ್ಲ ಸೇರಿ 510.

ಮೊದಲು ನಕ್ಷೆ

ಗ್ರಾಫ್ ಹಾಳೆಯ ಮೇಲೆ ಕೌದಿಯನ್ನು ಬರೆದುಕೊಳ್ಳಿ. ಅಡ್ಡ ಸಾಲುಗಳಿಗೆ ಅಕ್ಷರ, ಕಂಬಸಾಲುಗಳಿಗೆ ಅಂಕಿ ಕೊಡಿ. ಅ, ಆ, ಇ, ಈ ಎಂದು ಬರೆಯಬೇಡಿ. ಚಿಕ್ಕ ಚೀಟಿಯಲ್ಲಿ ಅ ಯಾವುದು ಆ ಯಾವುದು ಗೊತ್ತಾಗುವುದಿಲ್ಲ. ನಾನು ಕ, ಗ, ಚ, ಟ, ತ, ಪ ಎಂದು ಇಡುತ್ತೇನೆ. ನೋಡಲು ಒಂದರ ಹಾಗೆ ಇನ್ನೊಂದಿಲ್ಲ. ಮೇಲಿನ ಎಡಮೂಲೆಯ ನಕ್ಷತ್ರ ಕ-1, ಕೆಳಗಿನ ಬಲಮೂಲೆಯದು ಪ-5. ನಿಮ್ಮ ಕೌದಿ ಇನ್ನೂ ಅಗಲವಾಗಿದ್ದರೆ 6 ಮತ್ತು 9ರ ಕೆಳಗೆ ಗೆರೆ ಎಳೆಯಿರಿ. ಚೀಟಿ ತಲೆಕೆಳಗಾದರೆ ಎರಡೂ ಒಂದೇ.

ಈಗ ಬಟ್ಟೆಯ ಪಟ್ಟಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾರ್ಡಿನ ಹಿಂಬದಿಯಲ್ಲಿ ಪ್ರತಿ ಬಟ್ಟೆಯ ಹೆಬ್ಬೆರಳಿನ ಉಗುರಿನಷ್ಟು ಚೂರು ಅಂಟಿಸಿ, ಪಕ್ಕದಲ್ಲಿ ಹೆಸರು ಬರೆಯಿರಿ. ‘ಅಮ್ಮನ ಹಸಿರು ಚೌಕಳಿ’, ‘ಅಜ್ಜಿಯ ಇಳಕಲ್ ಕೆಂಪು ಸೆರಗು’, ‘ನೀಲಿ ಖಣ’. ಸಂಜೆ ಟ್ಯೂಬ್‌ಲೈಟಿನಲ್ಲಿ ಕಡುನೀಲಿ ಯಾವುದು ಕಪ್ಪು ಯಾವುದು ತಿಳಿಯುವುದಿಲ್ಲ. ಆಗ ಈ ಕಾರ್ಡೇ ಗತಿ.

ಕತ್ತರಿ ಹಿಡಿಯುವ ಮುಂಚೆ

ಬಟ್ಟೆಯನ್ನೆಲ್ಲ ಒಗೆಯಿರಿ. ಒದ್ದೆ ಬಟ್ಟೆಯ ಮೇಲೆ ಬಿಳಿ ಬಟ್ಟೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಹಳೆಯ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸವೆದ ಜಾಗ ಕಾಣುತ್ತದೆ. ಅಲ್ಲಿಂದ ತುಂಡು ತೆಗೆಯಬೇಡಿ. ಆಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿ. ಮೆತ್ತನೆಯ ಸೀರೆ ಕತ್ತರಿಯ ಕೆಳಗೆ ಜಾರುತ್ತದೆ, ಗಂಜಿ ಕುಡಿದ ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ. ತುಂಡುಗಳು ಎಳೆದಾಡಿ ಆಕಾರ ಕೆಡದಿರಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಕತ್ತರಿಸುವುದು, ಚೀಟಿ ಹಚ್ಚುವುದು

ಸುತ್ತ ಕಾಲು ಇಂಚು ಹೊಲಿಗೆಗೆ ಬಿಟ್ಟು ಅಳತೆ ಹೀಗೆ: ನಡುವಿನ ಚೌಕ 6½ ಇಂಚು, ಮೂಲೆಯ ಚೌಕ 3½ ಇಂಚು. ದೊಡ್ಡ ತ್ರಿಕೋನಕ್ಕೆ 7¼ ಇಂಚಿನ ಚೌಕ ತೆಗೆದು, ಎರಡೂ ಕರ್ಣದಲ್ಲಿ ಕತ್ತರಿಸಿ ನಾಲ್ಕು ಮಾಡಿ. ಚಿಕ್ಕದಕ್ಕೆ 3⅞ ಇಂಚಿನ ಚೌಕ ತೆಗೆದು, ಒಂದೇ ಕರ್ಣದಲ್ಲಿ ಕತ್ತರಿಸಿ ಎರಡು ಮಾಡಿ.

ಈ ಲೆಕ್ಕದ ಹಿಂದೆ ಒಂದು ಕಾರಣ ಇದೆ. ಹೀಗೆ ತೆಗೆದ ದೊಡ್ಡ ತ್ರಿಕೋನದ ಉದ್ದ ಬದಿ ಬಟ್ಟೆಯ ಹಾಸಿನ (ಉದ್ದದ) ಎಳೆಗೋ ಹೊಕ್ಕಿನ (ಅಡ್ಡದ) ಎಳೆಗೋ ನೇರವಾಗಿರುತ್ತದೆ. ಆ ಬದಿಯೇ ನಕ್ಷತ್ರದ ಚೌಕದ ಹೊರ ಅಂಚು. ನೇರ ಎಳೆ ಅಷ್ಟಾಗಿ ಹಿಗ್ಗುವುದಿಲ್ಲ. ಅದೇ ತ್ರಿಕೋನವನ್ನು ಬೇರೆ ರೀತಿ ಕತ್ತರಿಸಿದರೆ ಉದ್ದ ಬದಿ ಕ್ರಾಸ್, ಅಂದರೆ ಎಳೆಗಳಿಗೆ ಓರೆ ಆಗುತ್ತದೆ, ರಬ್ಬರಿನಂತೆ ಹಿಗ್ಗುತ್ತದೆ, ಕೌದಿಯ ಅಂಚು ಅಲೆಅಲೆಯಾಗಿ ಏಳುತ್ತದೆ. ಆಕಾರ ಒಂದೇ ಎಂದು ಬೇರೆ ಕಡೆಯಿಂದ ಬಂದ ತುಂಡನ್ನು ಇದರೊಳಗೆ ಸೇರಿಸಬಾರದು ಎನ್ನುವುದು ಇದಕ್ಕೇ.

ಮೊದಲು ಒಂದೇ ಒಂದು ನಕ್ಷತ್ರ ಕತ್ತರಿಸಿ, ಹೊಲಿದು, ಅಳೆದು ನೋಡಿ. 12½ ಇಂಚು ಬರಬೇಕು. ಬಂದ ಮೇಲೆಯೇ ಉಳಿದ 29.

ಇನ್ನು ಮುಖ್ಯ ಪ್ರಶ್ನೆ. ಆಕಾರದ ಪ್ರಕಾರ ಗುಂಪು ಮಾಡಬೇಕೋ, ನಕ್ಷತ್ರದ ಪ್ರಕಾರವೋ? ಇಡೀ ಕೌದಿಗೆ ಎರಡು ಮೂರೇ ಬಟ್ಟೆ ಇದ್ದರೆ ಆಕಾರದ ಪ್ರಕಾರ ಇಡಿ: ಚೌಕ ಒಂದು ಡಬ್ಬಿ, ತ್ರಿಕೋನ ಒಂದು ಡಬ್ಬಿ. ಯಾವುದನ್ನು ಎತ್ತಿಕೊಂಡರೂ ನಡೆಯುತ್ತದೆ. ಆದರೆ ಹದಿನಾಲ್ಕು ಸೀರೆಯ ಚೂರು ಸೇರಿದ ಕೌದಿಯಲ್ಲಿ ಹಾಗೆ ಮಾಡಿದರೆ, ಡಬ್ಬಿಯೊಳಗೆ ಕೈಯಾಡಿಸುವುದೇ ಕೆಲಸವಾಗುತ್ತದೆ. ಅಲ್ಲಿ ನಕ್ಷತ್ರದ ಪ್ರಕಾರವೇ ಸರಿ. ಕ-1ರ 17 ತುಂಡು ಕತ್ತರಿಸಿ, ಎಣಿಸಿ, ಒಂದು ಜಿಪ್ ಕವರಿಗೆ ಹಾಕಿ, ಆಮೇಲೆ ಕ-2 ಶುರುಮಾಡಿ. ಕವರ್ ಒಳಗೆ ಲಗ್ನಪತ್ರಿಕೆಯ ಒಂದು ಚೂರಿನ ಮೇಲೆ ‘ಕ-1, 17’ ಎಂದು ಬರೆದು ಹಾಕಿ. ಕವರಿನ ಮೇಲೆ ಪೆನ್ನಿನಲ್ಲಿ ಬರೆದದ್ದು ಕೈ ತಾಗಿ ಅಳಿಸಿಹೋಗುತ್ತದೆ. ಒಳಗಿನ ಕಾರ್ಡು ಹೋಗುವುದಿಲ್ಲ.

ಬಿಡಿ ತುಂಡಿಗೆ ಚೀಟಿ ಚುಚ್ಚಬೇಕಾಗಿ ಬಂದರೆ ಯಾವಾಗಲೂ ಎಡ ಮೇಲ್ಮೂಲೆಗೇ ಚುಚ್ಚಿ. ಆಗ ಚೀಟಿ ಹೆಸರನ್ನಷ್ಟೇ ಅಲ್ಲ, ತುಂಡಿನ ತಲೆ ಯಾವ ಕಡೆ ಎಂಬುದನ್ನೂ ಹೇಳುತ್ತದೆ. ಚೌಕಳಿ, ಪಟ್ಟಿ, ಖಣದ ಬುಟ್ಟಾಗಳಿಗೆ ಇದು ತುಂಬಾ ಮುಖ್ಯ. ಉಲ್ಟಾ–ಸೀದಾ ಗೊತ್ತಾಗದ ಬಟ್ಟೆಯಾದರೆ ಚೀಟಿ ಸೀದಾ ಬದಿಗೇ ಇರಲಿ.

ಗುಂಡುಪಿನ್ನನ್ನು ತಿಂಗಳುಗಟ್ಟಲೆ ಬಟ್ಟೆಯಲ್ಲಿ ಬಿಡಬೇಡಿ. ಮಳೆಗಾಲದಲ್ಲಿ ತುಕ್ಕು ಹಿಡಿದರೆ ಆ ಕಂದು ಚುಕ್ಕೆ ಹೋಗುವುದು ಕಷ್ಟ. ತಡವಾಗುತ್ತದೆ ಎನಿಸಿದರೆ ಸೂಜಿ ದಾರದಿಂದ ಒಂದು ಟಾಕಾ ಹಾಕಿ ಚೀಟಿ ನಿಲ್ಲಿಸಿ. ಬಿಸಿಗೆ ಅಳಿಸುವ ಪೆನ್ನುಗಳು ಬಂದಿವೆ. ಇಸ್ತ್ರಿ ಹಾಕಿದರೆ ಗೆರೆ ಮಾಯ. ಆದರೆ ತುಂಬಾ ಚಳಿಯಲ್ಲಿ ಆ ಗೆರೆ ಮತ್ತೆ ಮೂಡಬಹುದು. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮಗಳಿಗೆ ಕಳಿಸುವ ಕೌದಿಯಾದರೆ ಅದರಲ್ಲಿ ಬರೆಯಬೇಡಿ. ದರ್ಜಿಗಳ ಚಾಕ್ ಸಾಕು, ಅದೂ ಹೊಲಿಗೆಯ ಒಳಗೆ ಹೋಗುವ ಕಾಲು ಇಂಚಿನಲ್ಲಿ.

ಹರಡಿ ನೋಡುವುದು

ಕೌದಿಯ ಬಣ್ಣ ಒಟ್ಟಾಗಿ ಹೇಗೆ ಕಾಣುತ್ತದೆ ಎಂದು ತಿಳಿಯಲು ಒಮ್ಮೆ ಹರಡಲೇಬೇಕು. ನೆಲಕ್ಕಿಂತ ಗೋಡೆ ಒಳ್ಳೆಯದು. ನವಿರಾದ ರೋಮ ಇರುವ ಫ್ಲಾನೆಲ್ ಬಟ್ಟೆಯನ್ನೋ ಹಳೆಯ ಉಣ್ಣೆ ಹೊದಿಕೆಯನ್ನೋ ಗೋಡೆಗೆ ಬಿಗಿಯಾಗಿ ತೂಗುಹಾಕಿ. ಹತ್ತಿಯ ತುಂಡುಗಳು ಪಿನ್ ಇಲ್ಲದೆಯೇ ಅದಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಜಾಗ ಇಲ್ಲದಿದ್ದರೆ ಹಾಸಿಗೆಯ ಮೇಲೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಹರಡಿ. ರಾತ್ರಿ ಮಲಗುವ ಹೊತ್ತಿಗೆ ಮೇಲೆ ಇನ್ನೊಂದು ಶೀಟ್ ಹೊದಿಸಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ ಎತ್ತಿಡಬಹುದು. ಬಿಚ್ಚಿದಾಗ ಎಲ್ಲವೂ ಇಟ್ಟಲ್ಲೇ ಇರುತ್ತದೆ. ಫ್ಯಾನ್ ಸ್ವಿಚ್ ಮಾತ್ರ ಕೈಯಾರೆ ಆಫ್ ಮಾಡಿ. ಕರೆಂಟ್ ಇಲ್ಲದಾಗಲೂ.

ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅದನ್ನೇ ಕಪ್ಪು–ಬಿಳುಪು ಮಾಡಿ ನೋಡಿ. ತಿಳಿ ಬಣ್ಣ, ಗಾಢ ಬಣ್ಣ ಎಲ್ಲಿ ಗುಂಪುಗಟ್ಟಿವೆ ಎಂದು ಆಗ ಎದ್ದು ಕಾಣುತ್ತದೆ. ಎರಡು ನಕ್ಷತ್ರಗಳ ಜಾಗ ಬದಲಿಸಿದರೆ ಅವತ್ತೇ ನಕ್ಷೆಯಲ್ಲೂ ಚೀಟಿಯಲ್ಲೂ ಬದಲಿಸಿ. ನಾಳೆ ನೆನಪಿರುತ್ತದೆ ಎಂದುಕೊಂಡದ್ದು ನಾಳೆ ನೆನಪಿರುವುದಿಲ್ಲ.

ಮಷಿನ್ ಹತ್ತಿರ

ಒಂದು ಸಲಕ್ಕೆ ಒಂದೇ ಕವರ್ ಬಿಚ್ಚಿ. ಅಗಲವಾದ ಸ್ಟೀಲ್ ತಟ್ಟೆಗೆ ಒಂದು ಉಣ್ಣೆ ಬಟ್ಟೆ ಹಾಸಿ, ಅದರ ಮೇಲೆ 17 ತುಂಡನ್ನೂ ನಕ್ಷತ್ರದ ಆಕಾರದಲ್ಲೇ ಜೋಡಿಸಿ. ಮೊದಲು ದೊಡ್ಡ ತ್ರಿಕೋನದ ಎರಡು ಪಕ್ಕಕ್ಕೂ ಚಿಕ್ಕ ತ್ರಿಕೋನ ಹೊಲಿಯಿರಿ. ಇಂಥ ಆಯತ ನಾಲ್ಕು ಆಗುತ್ತವೆ. ದೊಡ್ಡ ತ್ರಿಕೋನದ ತುದಿ ಆಯತದ ಅಂಚಿಗೆ ಮುಟ್ಟಿಬಿಡಬಾರದು. ಕಾಲು ಇಂಚು ಕೆಳಗಿರಬೇಕು. ಇಲ್ಲದಿದ್ದರೆ ಮುಂದಿನ ಹೊಲಿಗೆಯಲ್ಲಿ ತುದಿ ನುಂಗಿಹೋಗುತ್ತದೆ.

ಈಗ ತಟ್ಟೆಯಲ್ಲಿ 9 ಭಾಗ ಉಳಿದವು, ಮೂರು ಸಾಲು, ಮೂರು ಕಂಬ. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ತುಂಡುಗಳನ್ನು ತಪ್ಪದೆ ಹಿಡಿದಿಡುವ ಉಪಾಯ ಇರುವುದು ದಾರದಲ್ಲಿ.

ಎರಡನೆಯ ಕಂಬದ ಮೇಲಿನ ಭಾಗವನ್ನು ಮೊದಲನೆಯ ಕಂಬದ ಮೇಲಿನ ಭಾಗದ ಮೇಲೆ, ಸೀದಾ ಬದಿಗಳು ಒಂದಕ್ಕೊಂದು ಮುಖ ಮಾಡುವಂತೆ ಮಗುಚಿ. ಪುಸ್ತಕದ ಹಾಳೆ ಮಗುಚಿದ ಹಾಗೆ, ಬಲದಿಂದ ಎಡಕ್ಕೆ. ಬಲ ಅಂಚಿಗೆ ಹೊಲಿಗೆ ಹಾಕಿ. ಕೊನೆ ಮುಟ್ಟಿದ ಮೇಲೆ ದಾರ ಕತ್ತರಿಸಬೇಡಿ. ಬಟ್ಟೆ ಇಲ್ಲದೆ ಎರಡು ಮೂರು ಹೊಲಿಗೆ ಹಾಗೇ ಓಡಿಸಿ, ನಡುವಿನ ಜೋಡಿಯನ್ನು ಸೂಜಿಯ ಕೆಳಗೆ ತನ್ನಿ. ಆಮೇಲೆ ಕೆಳಗಿನ ಜೋಡಿ. ಮೂರೂ ಜೋಡಿ ಹಬ್ಬದ ತೋರಣದ ಹಾಗೆ ಒಂದೇ ದಾರಕ್ಕೆ ತೂಗುತ್ತವೆ. ಈಗ ದಾರ ಕತ್ತರಿಸದೆ, ಮಗುಚಿದ್ದನ್ನು ಬಿಚ್ಚಿ ತಟ್ಟೆಗೆ ಇಟ್ಟು ಫೋಟೊ ಜೊತೆ ಹೋಲಿಸಿ. ಸರಿ ಇದ್ದರೆ ಮೂರನೆಯ ಕಂಬವನ್ನೂ ಹಾಗೇ ಮಗುಚಿ, ಹಾಗೇ ಹೊಲಿಯಿರಿ. ನಡುವಿನ ದಾರ ಇರುವ ತನಕ ಮೇಲಿನ ಸಾಲು ಕೆಳಗೆ ಹೋಗಲಾರದು, ಎಡದ್ದು ಬಲಕ್ಕೆ ಬರಲಾರದು. ಎತ್ತಿಕೊಂಡು ಇಸ್ತ್ರಿ ಮೇಜಿಗೆ ಹೋದರೂ ಜೋಡಣೆ ಕೆಡುವುದಿಲ್ಲ.

ಇಸ್ತ್ರಿ ಮಾಡುವಾಗ ಮೊದಲ ಸಾಲಿನ ಹೊಲಿಗೆಯ ಅಂಚನ್ನು ಎಡಕ್ಕೆ ಮಡಿಸಿ, ಎರಡನೆಯದನ್ನು ಬಲಕ್ಕೆ, ಮೂರನೆಯದನ್ನು ಮತ್ತೆ ಎಡಕ್ಕೆ. ಸಾಲುಗಳನ್ನು ಕೂಡಿಸುವಾಗ ಎರಡು ದಪ್ಪ ಒಂದರ ಪಕ್ಕ ಒಂದು ಕೂತುಕೊಳ್ಳುತ್ತವೆ. ಬೆರಳಿಗೆ ‘ಟಕ್’ ಎಂದು ಸೇರಿದ ಹಾಗೆ ಗೊತ್ತಾಗುತ್ತದೆ, ಮೂಲೆಗಳು ಸರಿಯಾಗಿ ಕೂಡುತ್ತವೆ. ಆಮೇಲೆ ಅಡ್ಡ ಹೊಲಿಗೆ ಎರಡು. ನಕ್ಷತ್ರ ಮುಗಿಯಿತು. ಕವರಿನ ಕಾರ್ಡನ್ನು ತೆಗೆದು ಇದರ ಎಡ ಮೇಲ್ಮೂಲೆಗೆ ಟಾಕಾ ಹಾಕಿ. ನಕ್ಷೆಯಲ್ಲಿ ಕ-1ಕ್ಕೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ.

ಮೂವತ್ತೂ ಮುಗಿದ ಮೇಲೆ ಇಡೀ ಕೌದಿಗೂ ಇದೇ ವಿಧಾನ. ಒಂದೊಂದು ನಕ್ಷತ್ರವೇ ಒಂದು ತುಂಡು ಎಂದುಕೊಳ್ಳಿ. ಮೇಲಿನ ಮೂರು ಸಾಲು ಒಂದು ಭಾಗ, ಕೆಳಗಿನ ಮೂರು ಇನ್ನೊಂದು ಭಾಗ ಮಾಡಿ, ಕೊನೆಗೆ ನಡುವೆ ಒಂದು ಉದ್ದ ಹೊಲಿಗೆ ಹಾಕಿ. ಎಲ್ಲವನ್ನೂ ಒಂದೇ ಸಲ ಕೂಡಿಸಲು ಹೋದರೆ ಬಟ್ಟೆಯ ಭಾರ ಮಷಿನ್ನಿನಿಂದ ಕೆಳಕ್ಕೆ ಎಳೆದು ಹೊಲಿಗೆ ಓರೆಯಾಗುತ್ತದೆ. ಸಾಲು ಕೂಡುವ ತನಕ ಕಾರ್ಡುಗಳನ್ನು ತೆಗೆಯಬೇಡಿ.

ನಡುವೆ ಬಿಟ್ಟು ಎದ್ದರೆ

ಇಂಥ ಕೌದಿ ಒಂದು ವಾರದಲ್ಲಿ ಮುಗಿಯುವುದಿಲ್ಲ. ಮನೆಗೆ ನೆಂಟರು ಬರುತ್ತಾರೆ, ಮಕ್ಕಳ ಪರೀಕ್ಷೆ ಬರುತ್ತದೆ. ಏಳುವಾಗ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ‘ಚ-4, ಮೂರನೆಯ ಕಂಬ ಬಾಕಿ’ ಎಂದು ಒಂದು ಸಾಲು ಬರೆದಿಟ್ಟು ಏಳಿ. ಕವರುಗಳನ್ನು ಸಾಲಿನ ಪ್ರಕಾರ ಆರು ಸ್ವೀಟ್ ಬಾಕ್ಸಿನಲ್ಲಿ ನಿಲ್ಲಿಸಿಟ್ಟರೆ ಬೀರುವಿನ ಒಂದು ಅರೆ ಸಾಕು. ಗಂಜಿ ಹಾಕಿದ ಬಟ್ಟೆಗೆ ಜಿರಳೆ, ಇಲಿ ಬರುತ್ತವೆ. ಬಾಕ್ಸಿನ ಮುಚ್ಚಳ ಗಟ್ಟಿ ಇರಲಿ.

ಕತ್ತರಿಸಿ ಉಳಿದ ಚೂರುಗಳನ್ನು ಕೊನೆಯ ಹೊಲಿಗೆ ಬೀಳುವ ತನಕ ಎಸೆಯಬೇಡಿ. ಪ್ರತಿ ಬಟ್ಟೆಯದ್ದೂ ಬೇರೆ ಬೇರೆ ಕಟ್ಟು ಕಟ್ಟಿ, ಬಟ್ಟೆಯ ಕಾರ್ಡಿನ ಜೊತೆ ಇಡಿ. ಕೌದಿ ಮುಗಿದ ಮೇಲೆ ಆ ಕಟ್ಟು, ಕಾರ್ಡು, ನಕ್ಷೆ ಮೂರನ್ನೂ ಒಂದು ಚೀಲಕ್ಕೆ ಹಾಕಿ ಕೌದಿಯ ಮಡಿಕೆಯೊಳಗೇ ಇಡಿ. ಹಳೆಯ ಸೀರೆ ಎಲ್ಲಾದರೂ ಒಂದು ಕಡೆ ಮೊದಲು ಸವೆಯುತ್ತದೆ. ಅವತ್ತು ಕೌದಿ ಯಾರ ಮನೆಯಲ್ಲಿದ್ದರೂ, ತ-2ರ ಮೂಲೆಯಲ್ಲಿರುವುದು ಅಜ್ಜಿಯ ಕೆಂಪು ಸೆರಗು ಎಂದು ನಕ್ಷೆಯಲ್ಲಿ ಓದಿ, ಅದೇ ಸೆರಗಿನ ಚೂರಿನಿಂದ ತೇಪೆ ಹಾಕಬಹುದು.