ಮಗಳ ಓರಿಯೆಂಟೇಶನ್‌ಗೂ ಹೋದೆ, ಮಗನ ಓರಿಯೆಂಟೇಶನ್‌ಗೂ ಹೋದೆ

ಮಗಳನ್ನು ಕಾಲೇಜಿಗೆ ಸೇರಿಸಿದಾಗ, ಹೊಸಬರಿಗೆ ಕಾಲೇಜಿನ ಪರಿಚಯ ಮಾಡಿಕೊಡುವ ಓರಿಯೆಂಟೇಶನ್ ದಿನ ಅಂದರೆ ಬರೀ ಒಂದು ಸಮಾರಂಭ ಅಂದುಕೊಂಡಿದ್ದೆ. ಹೋಗುವುದು, ಪ್ರಾಂಶುಪಾಲರ ಮಾತು ಕೇಳುವುದು, ಚಪ್ಪಾಳೆ ಹೊಡೆದು ಬರುವುದು. ಕೈಯಲ್ಲಿ ಒಂದು ಪೆನ್ನೂ ಇರಲಿಲ್ಲ. ಸಂಜೆ ಮನೆಗೆ ಬಂದಾಗ ನಮ್ಮವರು “ಇಂಟರ್ನಲ್ಸ್‌ಗೆ ಎಷ್ಟು ಅಂಕ?” ಅಂತ ಕೇಳಿದರು. ಗೊತ್ತಿಲ್ಲ. “ಹಾಸ್ಟೆಲ್ ಗೇಟು ಎಷ್ಟು ಹೊತ್ತಿಗೆ ಹಾಕ್ತಾರಂತೆ?” ಅದೂ ಗೊತ್ತಿಲ್ಲ. ದಿನವಿಡೀ ಅಲ್ಲಿದ್ದು ನಾನು ತಂದದ್ದು ಒಂದು ಬಣ್ಣದ ಪುಸ್ತಿಕೆ, ಜೊತೆಗೆ ತಲೆನೋವು.

ಮೂರು ವರ್ಷದ ನಂತರ ಮಗನ ಸರದಿ ಬಂತು. ಹಿಂದಿನ ದಿನ ರಾತ್ರಿ ಅವನನ್ನು ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆಗಳನ್ನು ಬರೆಸಿದೆ. ಬರೆದವನು ಅವನೇ. ಎಲ್ಲ ಮೂಲ ದಾಖಲೆಗಳಿಗೂ ಎರಡೆರಡು ಜೆರಾಕ್ಸ್ ಮಾಡಿಸಿದ್ದೆ. ಮಗಳ ಸಲ ಮೂಲ ಅಂಕಪಟ್ಟಿಯನ್ನು ಸುಮ್ನೆ ಕೌಂಟರಿನಲ್ಲಿ ಕೊಟ್ಟು ಬಂದಿದ್ದೆ, ಪ್ರತಿಯೂ ಇಲ್ಲ, ರಸೀದಿಯೂ ಇಲ್ಲ. ಆಮೇಲೆ ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಬೇಕಾಯಿತು. ಒಂದು ವಾರ ಆಫೀಸಿನ ಬಾಗಿಲು ಕಾದೆವು.

ಬೆಳಗ್ಗೆ ನೋಂದಣಿಯ ಸಾಲು, ಆಮೇಲೆ ಸಭಾಂಗಣದಲ್ಲಿ ಭಾಷಣ. ಕಟ್ಟಡ, ಲ್ಯಾಬು, ಆಟದ ಮೈದಾನ ಎಲ್ಲದರ ಚಿತ್ರ ತೋರಿಸುತ್ತಾರೆ. ಅದನ್ನು ಆರಾಮಾಗಿ ನೋಡಿ, ನಷ್ಟವೇನಿಲ್ಲ. ಪ್ಲೇಸ್‌ಮೆಂಟ್ ವಿಷಯ ಬಂದಾಗ ಮಾತ್ರ ನೆಟ್ಟಗೆ ಕೂರಬೇಕು. ದೊಡ್ಡ ಅಕ್ಷರದಲ್ಲಿ ಹಾಕುವ ಅತಿ ಹೆಚ್ಚಿನ ಸಂಬಳ ಯಾರೋ ಒಬ್ಬರದು. ಒಟ್ಟು ಎಷ್ಟು ಜನ ಓದು ಮುಗಿಸಿದರು, ಅವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ಕೇಳಿ. ಕೆಲವು ಕಡೆ ಇಂಟರ್‌ವ್ಯೂಗೆ ಅರ್ಹರಾದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಶೇಕಡಾವಾರು ಹೇಳುತ್ತಾರೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಆ ದಿನ ಎಲ್ಲರಿಗಿಂತ ನೀರಸವಾಗಿ ಮಾತಾಡಿದವರು ಪರೀಕ್ಷಾ ವಿಭಾಗದವರು. ತಗ್ಗಿದ ದನಿಯಲ್ಲಿ ಕಾಗದ ನೋಡಿಕೊಂಡು ಓದಿದರು. ಅರ್ಧ ಜನ ಫೋನು ತೆಗೆದರು. ನನ್ನ ನೋಟ್‌ಬುಕ್ಕಿನಲ್ಲಿ ಜಾಸ್ತಿ ಪುಟ ತುಂಬಿದ್ದು ಆಗಲೇ.

ಮುಖ್ಯವಾದದ್ದು ಹಾಜರಾತಿ. ಶಾಲೆಯಲ್ಲಿ ಒಟ್ಟು ದಿನಗಳ ಲೆಕ್ಕ. ಮಗನ ಕಾಲೇಜಿನಲ್ಲಿ ಒಂದೊಂದು ವಿಷಯಕ್ಕೂ ಬೇರೆ ಬೇರೆ, ಎಲ್ಲದರಲ್ಲೂ ಶೇಕಡಾ 75 ಇರಬೇಕು. ನಿಮ್ಮ ಕಾಲೇಜಿನ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ. 40 ತರಗತಿ ನಡೆಯುವ ವಿಷಯದಲ್ಲಿ 10 ತಪ್ಪಿಸಬಹುದು, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ವಾರಕ್ಕೊಂದೇ ಸಲ ಬರುವ ಲ್ಯಾಬು ಇಡೀ ಸೆಮಿಸ್ಟರಿಗೆ 12 ಸಲ ನಡೆದರೆ ತಪ್ಪಿಸಲು ಸಿಗುವುದು ಮೂರೇ ಮೂರು. ಲ್ಯಾಬು ಶುಕ್ರವಾರ ಮಧ್ಯಾಹ್ನ ಇದ್ದು, ಹುಡುಗ ಮನೆ ನೆನಪಾಗಿ ನಾಲ್ಕು ಸಲ ಶುಕ್ರವಾರವೇ ಬಸ್ಸು ಹತ್ತಿದರೆ ಮುಗಿಯಿತು. ಮಗಳಿಗೆ ಆಗಿದ್ದು ಇದೇ. “ಬೇಗ ಬಾ” ಅಂತ ಕರೆದವಳು ನಾನೇ.

ಕ್ರೆಡಿಟ್ ವಿಷಯವೂ ಅಲ್ಲೇ ಅರ್ಥವಾಯಿತು. ಎಲ್ಲ ವಿಷಯಕ್ಕೂ ಒಂದೇ ತೂಕ ಇರುವುದಿಲ್ಲ, ಆ ತೂಕವೇ ಕ್ರೆಡಿಟ್. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ 6, ಒಂದು ಕ್ರೆಡಿಟ್‌ನದರಲ್ಲಿ 10 ಪಾಯಿಂಟ್ ಬಂದರೆ ಸರಾಸರಿ 8 ಅಲ್ಲ, 6.8 (ನಾಲ್ಕು ಸಲ 6, ಒಂದು ಸಲ 10 ಕೂಡಿಸಿ, ಐದರಿಂದ ಭಾಗಿಸಬೇಕು). ನಾನು ಅಲ್ಲಿಯವರೆಗೆ 8 ಅಂತಲೇ ಕೂಡಿಸುತ್ತಿದ್ದೆ.

ನಂತರ ಮಕ್ಕಳನ್ನು ಒಂದು ಕಡೆ, ಪೋಷಕರನ್ನು ಇನ್ನೊಂದು ಕಡೆ ಕರೆದುಕೊಂಡು ಹೋದರು. ಇದನ್ನು ಬೇಕಂತಲೇ ಮಾಡುತ್ತಾರೆ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಹದಿನೆಂಟರ ಹುಡುಗ ಯಾರ ಹತ್ತಿರ ಮಾತಾಡುತ್ತಾನೆ? ಮಗಳ ಸಲ ಆ ಒಂದು ಗಂಟೆಯಲ್ಲಿ ಮೂರು ಸಲ ಫೋನು ಮಾಡಿದ್ದೆ. ಈ ಸಲ ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದೆ.

ಪೋಷಕರ ಸಭೆಯಲ್ಲಿ ಮೈಕು ಕೈಗೆ ಸಿಕ್ಕಿದರೆ ಒಬ್ಬೊಬ್ಬರು ಮನೆ ಕಥೆಯನ್ನೆಲ್ಲ ಹೇಳುತ್ತಾರೆ. ಒಬ್ಬರು ಮಗನ ಕಾಯಿಲೆ, ಅದರ ಮಾತ್ರೆ ಎಲ್ಲವನ್ನೂ ಇನ್ನೂರು ಜನರ ಮುಂದೆ ವಿವರಿಸಿದರು. ಸದ್ಯ, ಆ ಹುಡುಗ ಅಲ್ಲಿರಲಿಲ್ಲ. ಆರೋಗ್ಯದ ತೊಂದರೆಯನ್ನಾಗಲಿ, ಬರೆಯಲು ಹೆಚ್ಚು ಸಮಯ ಬೇಕಾಗುವಂಥ ಕಷ್ಟವನ್ನಾಗಲಿ ಕೌನ್ಸೆಲರ್ ಹತ್ತಿರ ಪ್ರತ್ಯೇಕವಾಗಿ, ಅವತ್ತೇ ಹೇಳುವುದು ಒಳ್ಳೆಯದು. ಪರೀಕ್ಷೆ ಹತ್ತಿರ ಬಂದಾಗ ವೈದ್ಯರ ಪತ್ರ ಹಿಡಿದು ಓಡಾಡುವುದಕ್ಕಿಂತ ಇದು ಎಷ್ಟೋ ಮೇಲು. ನಾನು ಮೈಕಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ಯಾವ ಮಾಹಿತಿ ನಮಗೆ ಬರುತ್ತದೆ, ಯಾವುದು ಮಕ್ಕಳಿಗೆ ಮಾತ್ರ ಕಾಣುತ್ತದೆ? ಹಾಜರಾತಿ ಕಡಿಮೆಯಾದರೆ ನಮಗೆ ಮೆಸೇಜು, ಫಲಿತಾಂಶ ಮಾತ್ರ ವಿದ್ಯಾರ್ಥಿಯ ಲಾಗಿನ್‌ನಲ್ಲಿ ಅಂದರು. ಫಲಿತಾಂಶ ಬಂದ ದಿನವೇ ಹೇಳುತ್ತೇನೆ ಅಂತ ಮಗ ಮಾತು ಕೊಟ್ಟ. ಪಾಸ್‌ವರ್ಡ್ ಮಾತ್ರ ಕೊಡಲಿಲ್ಲ. ಸರಿ ಅಂದೆ.

ಮಧ್ಯಾಹ್ನ ಟೇಬಲ್‌ಗಳ ಸುತ್ತು: ಹಾಸ್ಟೆಲ್, ಫೀಸು, ಲೈಬ್ರರಿ, ಐಡಿ ಕಾರ್ಡು. ಹಾಸ್ಟೆಲ್ ಟೇಬಲ್ ಮುಂದೆ ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ನನ್ನ ಮುಖ ನೋಡಿದ. ಸುಮ್ಮನಾದೆ. ಅವನು ಚೀಟಿ ತೆಗೆದು, “ಸಾರ್, ರಾತ್ರಿ ಎರಡು ಗಂಟೆಗೆ ಜ್ವರ ಬಂದ್ರೆ ಯಾರನ್ನ ಎಬ್ಬಿಸಬೇಕು?” ಅಂತ ಕೇಳಿದ. ವಾರ್ಡನ್ ನಕ್ಕರು. ಆದರೆ ಉತ್ತರ ಸರಿಯಾಗಿ ಕೊಟ್ಟರು: ಆ ಮಹಡಿಯಲ್ಲಿ ಯಾರಿರುತ್ತಾರೆ, ಗಾಡಿ ಎಲ್ಲಿ ನಿಂತಿರುತ್ತದೆ, ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಯಾವ ನಂಬರಿಗೆ ಫೋನು ಮಾಡಬೇಕು. ಅವನು ನಿಂತಲ್ಲೇ ಆ ನಂಬರು ಸೇವ್ ಮಾಡಿಕೊಂಡ. ರ್‍ಯಾಗಿಂಗ್ ಆದರೆ ಯಾರಿಗೆ ಹೇಳಬೇಕು ಅನ್ನುವುದನ್ನೂ ಅವನೇ ಕೇಳಿದ. “ವ್ಯವಸ್ಥೆ ಚೆನ್ನಾಗಿದೆಯಾ?” ಅಂತ ನಾನು ಕೇಳಿದ್ದರೆ “ಚೆನ್ನಾಗಿದೆ ಮೇಡಂ” ಅನ್ನುತ್ತಿದ್ದರು, ಅಷ್ಟೇ ಅಲ್ವಾ?

ಐದು ಗಂಟೆಗೆ ಪೋಷಕರು ಹೊರಡಬೇಕು ಅಂತ ಕಾರ್ಯಕ್ರಮದ ಪಟ್ಟಿಯಲ್ಲೇ ಇತ್ತು. ಮಗಳ ಸಲ ಏಳರವರೆಗೆ ಇದ್ದೆ. ಹಾಸಿಗೆ ಹಾಸಿದೆ, ಬಟ್ಟೆ ಜೋಡಿಸಿದೆ, ಪಾಪ ಅವಳ ರೂಮ್‌ಮೇಟ್ ವರಾಂಡದಲ್ಲೇ ನಿಂತಿದ್ದಳು. ಈ ಸಲ ಮಗನ ಜೊತೆ ಹಾಸ್ಟೆಲಿನಿಂದ ತರಗತಿಗೆ, ಅಲ್ಲಿಂದ ಲೈಬ್ರರಿಗೆ ಒಂದು ಸಲ ನಡೆದು, ಐದೂ ಕಾಲಿಗೆ ಹೊರಟೆ. ಹದಿನೈದು ನಿಮಿಷ ಜಾಸ್ತಿಯಾಯಿತು, ಇರಲಿ. ಭಾನುವಾರ ಫೋನು ಅಂತ ಒಪ್ಪಂದವಾಗಿತ್ತು.

ಮೂರನೇ ದಿನವೇ, ರಾತ್ರಿ ಹತ್ತಕ್ಕೆ ಫೋನು ಬಂತು. ನನ್ನ ಎದೆ ಧಸಕ್ಕೆಂದಿತು.

“ಏನಾಯ್ತೋ, ಜ್ವರಾನಾ?”

“ಇಲ್ಲಮ್ಮ. ನನ್ನ ರೂಮ್‌ಮೇಟ್ ಅಮ್ಮ ವಾರ್ಡನ್ ನಂಬರ್ ಕೇಳ್ತಿದಾರೆ. ದಿನಕ್ಕೆ ಐದು ಸಲ ಫೋನ್ ಮಾಡ್ತಾರಂತೆ. ನೀನೇ ಸ್ವಲ್ಪ ಅವರ ಹತ್ರ ಮಾತಾಡ್ತೀಯಾ?”