ರಾಮನವಮಿಗೆ ನೂರು ಜನಕ್ಕೆ ಪಾನಕ, ಕೋಸಂಬರಿ ಮಾಡಿ ಹಂಚೋದು ಹೇಗೆ?

ರಾಮನವಮಿ ಅಂದ್ರೆ ಒಬ್ಬಟ್ಟು ತಟ್ಟೋ ತಾಪತ್ರಯ ಇಲ್ಲದ ಹಬ್ಬ, ಒಲೆ ಹಚ್ಚೋದು ಒಗ್ಗರಣೆಗೆ ಒಂದ್ಸಲ, ಬೆಲ್ಲ ಕರಗಿಸೋಕೆ ಇನ್ನೊಂದ್ಸಲ ಅಷ್ಟೇ. ಹಾಗಂತ ಆರಾಮಾಗಿ ಹತ್ತು ಗಂಟೆಗೆ ಶುರು ಹಚ್ಕೊಂಡ್ರೆ ಕೆಟ್ಟಿರಿ. ರಾಮ ಹುಟ್ಟಿದ್ದು ಚೈತ್ರ ಶುದ್ಧ ನವಮಿ, ಪುನರ್ವಸು ನಕ್ಷತ್ರ, ಅದೂ ನಡು ಮಧ್ಯಾಹ್ನ ಅಂತ ನಂಬಿಕೆ, ಹಾಗಾಗಿ ಪೂಜೆ, ತೊಟ್ಟಿಲು ತೂಗೋದು, ನೈವೇದ್ಯ ಎಲ್ಲಾ ಹನ್ನೆರಡರ ಆಸುಪಾಸಲ್ಲಿ ಆಗ್ಬೇಕು, ಅದಾದ್ಮೇಲೇ ಬೀದಿಗೆ ಟೇಬಲ್ ಇಡೋದು. ಮುಹೂರ್ತ ಪ್ರತಿ ವರ್ಷ ಸ್ವಲ್ಪ ಆಚೀಚೆ ಆಗತ್ತೆ, ಪಂಚಾಂಗ ಒಂದ್ಸಲ ನೋಡ್ಕೊಳಿ.

ಮೊದಲು ಲೆಕ್ಕ. ಒಬ್ಬರಿಗೆ 150 ಎಂ.ಎಲ್. ಲೋಟ ಅಂದ್ರೂ ನೂರು ಜನಕ್ಕೆ 15 ಲೀಟರ್ ಪಾನಕ ಬೇಕು. ಲೀಟರ್‌ಗೆ 150 ಗ್ರಾಂ ಬೆಲ್ಲ ಹಿಡಿದ್ರೆ ಎರಡೂಕಾಲು ಕೆಜಿ ಆಯ್ತು. ಕೋಸಂಬರಿಗೆ ಒಂದೂವರೆ ಕೆಜಿ ಹೆಸರುಬೇಳೆ, ಅಷ್ಟೇ ತೂಕದ ಎಳೆ ಸೌತೆಕಾಯಿ, ಎರಡು ತೆಂಗಿನಕಾಯಿ ಸಾಕು.

ಬೆಲ್ಲ ಹಿಂದಿನ ರಾತ್ರಿನೇ ಕರಗಿಸಿ ಇಟ್ಬಿಡಿ. ಜಜ್ಜಿ ಎರಡು ಲೀಟರ್ ನೀರಲ್ಲಿ ಸಣ್ಣ ಉರಿಗೆ ಇಟ್ಟು ಕರಗಿದ ತಕ್ಷಣ ಇಳಿಸಿ, ಕುದಿಸಿ ಪಾಕ ಮಾಡೋದೇನೂ ಬೇಡ, ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಎಷ್ಟೇ ಒಳ್ಳೆ ಬೆಲ್ಲ ತಂದ್ರೂ ತಳದಲ್ಲಿ ಮರಳು, ಕಬ್ಬಿನ ಸಿಪ್ಪೆ ಸಿಕ್ಕೇ ಸಿಗತ್ತೆ. ಬಿಳೀ ಅಚ್ಚಿಗಿಂತ ಕಂದು ಬಣ್ಣದ್ದು ತಗೊಳಿ, ರುಚಿನೇ ಬೇರೆ. ಬೆಳಗ್ಗೆ ಉಳಿದ ನೀರು ಸೇರಿಸಿ ಶುಂಠಿ ಪುಡಿ, ಏಲಕ್ಕಿ, ಮೆಣಸಿನ ಪುಡಿ ಹಾಕಿ. ಇಲ್ಲೊಂದು ವಿಷ್ಯ, ಒಂದು ಲೀಟರ್‌ಗೆ ಕಾಲು ಚಮಚ ಮೆಣಸು ಅಂತ 15ಕ್ಕೆ ಗುಣಿಸಿ ಸುರೀಬೇಡಿ, ಮಕ್ಕಳು ಒಂದು ಗುಟುಕಿಗೇ ಮುಖ ಕಿವುಚ್ತಾರೆ, ಅರ್ಧ ಹಾಕಿ ರುಚಿ ನೋಡಿ ಮುಂದುವರಿಸಿ. ಮಡಿ ಮನೆ ಆದ್ರೆ ನೈವೇದ್ಯಕ್ಕೆ ಒಂದು ಪಾತ್ರೆ ಮೊದಲೇ ಎತ್ತಿಟ್ಟು ಆಮೇಲೆ ರುಚಿ ನೋಡಿ. ಹತ್ತು ಹನ್ನೆರಡು ನಿಂಬೆಹಣ್ಣು ಕೊನೆಗೆ ಹಿಂಡಿ, ಜಾಸ್ತಿ ಹೊತ್ತು ನಿಂತ್ರೆ ಕಹಿ ಬರತ್ತೆ. ನಿಂಬೆ ಹುಳಿ ಇರೋದ್ರಿಂದ ಅಜ್ಜಿ ಕಾಲದ ಹಿತ್ತಾಳೆ ಕೊಳಗ ಕಲಾಯಿ ಇಲ್ದೆ ಇದ್ರೆ ಶೋಕೇಸಲ್ಲೇ ಇರ್ಲಿ, ಸ್ಟೀಲೇ ಸರಿ. ಬೇಲದ ಹಣ್ಣು ಸಿಕ್ಕಿದ್ರೆ ಅದರ ತಿರುಳು ಕಿವುಚಿ ಒಂದು ಪಾತ್ರೆ ಬೇರೆ ಮಾಡಿ, ಅದಕ್ಕೆ ನಿಂಬೆ ಬೇಡ. ನನ್ನ ಕೇಳಿದ್ರೆ ಅದೇ ಅಸಲಿ ಪಾನಕ.

ಕೋಸಂಬರಿ ಕೈ ಕೊಡೋದು ನೀರಿನ ವಿಷ್ಯದಲ್ಲಿ. ಬೇಳೆ ಒಂದು, ಒಂದೂವರೆ ಗಂಟೆ ನೆನೆದ್ರೆ ಸಾಕು, ಉಗುರಲ್ಲಿ ಒತ್ತಿದ್ರೆ ಪಟ್ ಅಂತ ಎರಡಾಗ್ಬೇಕು, ಬೇಸಿಗೆ ಸೆಕೆಗೆ ರಾತ್ರಿಯಿಡೀ ನೆನೆಸಿದ್ರೆ ಹುಳಿ ವಾಸ್ನೆ ಗ್ಯಾರಂಟಿ. ನೆಂದ ಬೇಳೆನ ಜರಡಿಗೆ ಹಾಕಿ ಹದಿನೈದು ನಿಮಿಷ ಹಾಗೇ ಬಿಡಿ, ಆಮೇಲೆ ಬಟ್ಟೆ ಮೇಲೆ ಹರವಿ. ಸೌತೆಕಾಯಿ ಕಹಿ ಇದ್ಯಾ ಅಂತ ಒಂದೊಂದನ್ನೂ ತುದಿ ಕತ್ತರಿಸಿ ನೋಡಿ, ಒಂದು ಕಹಿಕಾಯಿ ಸಾಕು ಇಡೀ ಬೇಸಿನ್ ಹಾಳಾಗೋಕೆ. ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಪೂರ್ತಿ ಆರಿದ ಮೇಲೆ ಬೇಳೆಗೆ ಕಲಸಿ. ಉಪ್ಪು, ನಿಂಬೆರಸ, ಕಾಯಿತುರಿ ಮಾತ್ರ ಹಂಚೋ ಹೊತ್ತಿಗೆ, ಅದೂ ಒಂದೇ ಸಲ ಅಲ್ಲ, ಇಪ್ಪತ್ತು ಜನಕ್ಕಾಗೋವಷ್ಟು ಬೇರೆ ಪಾತ್ರೆಗೆ ತೆಗೆದು ಕಲಸಿ ಕೊಡ್ತಾ ಹೋಗಿ. ಮೊದಲೇ ಉಪ್ಪು ಬಿದ್ರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗತ್ತೆ.

ನೀರು ಮಜ್ಜಿಗೆನೂ ಒಂದೈದು ಲೀಟರ್ ಇರ್ಲಿ, ಶುಗರ್ ಇರೋರು ಪಾನಕ ಬೇಡ ಅಂತಾರೆ, ಅವ್ರು ಬರಿಗೈಲಿ ಹೋಗೋ ಹಾಗಾಗ್ಬಾರ್ದು. ಶುಂಠಿ, ಕೊತ್ತಂಬರಿ, ಇಂಗು ಹಾಕಿದ್ರೆ ಮುಗೀತು.

ಹಂಚೋವಾಗ ನೆರಳು ನೋಡಿ ಟೇಬಲ್ ಹಾಕಿ, ಬೆಲ್ಲದ ವಾಸ್ನೆಗೆ ನೊಣ, ಜೇನು ಎರಡೂ ಬರ್ತವೆ, ಮುಚ್ಚಳ ಇಲ್ಲದೆ ಪಾತ್ರೆ ಇಡ್ಬೇಡಿ. ಐಸ್ ಅಂಗಡಿಯಿಂದ ತಂದು ಹಾಕೋದಕ್ಕಿಂತ ಮಣ್ಣಿನ ಮಡಕೆ ಒಳ್ಳೇದು. ಪ್ಲಾಸ್ಟಿಕ್ ಲೋಟ ಬೇಡ, ಕೋಸಂಬರಿಗೆ ಮುತ್ತುಗದ ಎಲೆ ದೊನ್ನೆ ಇಲ್ಲಾ ಅಡಿಕೆ ಹಾಳೆದು ತನ್ನಿ, ಪಕ್ಕದಲ್ಲೇ ದೊಡ್ಡ ಕಸದ ಚೀಲ ಕಟ್ಟಿ. ಆಟೋದವ್ರು, ಪೌರಕಾರ್ಮಿಕರು ಸುಮ್ಮನೆ ದೂರ ನಿಂತಿರ್ತಾರೆ, ನೀವೇ ಕರೆದು ಕೊಡಿ.

ಸಂಜೆಗೆ ಬೆಂಗಳೂರಿನವ್ರಾದ್ರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತಕ್ಕೆ ಹೋಗ್ಬಹುದು, ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರು ಮಾಡಿದ್ದು, ಹಬ್ಬ ಮುಗಿದ್ರೂ ಎಷ್ಟೋ ದಿನ ಕಛೇರಿ ನಡೀತಾನೇ ಇರತ್ತೆ.

ಹೊರಡೋ ಮುಂಚೆ ಉಳಿದಿದ್ದನ್ನ ಎತ್ತಿಡಿ. ಪಾನಕ ಫ್ರಿಜ್ಜಲ್ಲಿ ಮಾರನೇ ದಿನಕ್ಕೂ ಇರತ್ತೆ, ಕಾಯಿ ಬಿದ್ದ ಕೋಸಂಬರಿ ಮಾತ್ರ ಅವತ್ತೇ ಖಾಲಿ ಆಗ್ಬೇಕು. ಏನೂ ಕಲಸದ ಬರೀ ಬೇಳೆ ಉಳಿದಿದ್ರೆ ಫ್ರಿಜ್ಜಿಗೆ ಹಾಕಿ, ಬೆಳಗ್ಗೆ ಹಸಿಮೆಣಸಿನಕಾಯಿ, ಶುಂಠಿ ಜೊತೆ ರುಬ್ಬಿದ್ರೆ ಹೆಸರುಬೇಳೆ ದೋಸೆ ಆಗತ್ತೆ.